ಬುರುಡಿ ಬ್ಯಾಂಡು

ಬ್ಯಾಡಗಿ ಕಾಯಿ ಖಾರ ಕಡಿಮಿ, ಬಣ್ಣ ಭಾಳ
ಅಂತಾರ ದೂರದಿಂದ ಖರೀದಿಗೆ ಬಂದವರು,
ಚೀಲದಾಗ ಮುಂಗೈತನಕ ಕೈ ಹಾಕಿ, ಕೊಡವಿ,
ಕರವಸ್ತ್ರದಾಗ ಬೆರಳು ಒರಸಿಕೊಂಡು.
ಹತ್ತು ತಾಸು ತುಂಬು ಮುರದು
ಮನಿಗೆ ಹೋಗಿ ಕಣ್ಣಾಗಿನ ಕಸ ತಗೀಲಿ ಒಮ್ಮೆ.
ಆಮ್ಯಾಲೆ ಮಾತಾಡೋಣು.

ನಮ್ಮ ಶೆಡ್ಡಿನಾಗ ಹತ್ತೊಂಬತ್ತು ಮಂದಿ ಹೆಂಗಸರು,
ಮೂಗಿಗೆ ಸೆರಗು, ಎದುರಿಗೆ ಕೆಂಪು ಗುಡ್ಡ,
ಮತ್ತ ಚೀಲ ಹೊರೋ ದಸ್ತಗೀರ.
ಅವನ ಸೊಂಟಕ್ಕ ಒಂದು ಸ್ಪೀಕರು, ಮುಷ್ಟಿಯಷ್ಟು.
ಅದರಾಗ ಒಬ್ಬಾಂವ ಒದರತಿದ್ದ.
ಹಾಡೋದಲ್ಲ, ಒದರೋದು,
ಬಾವ್ಯಾಗ ಬಿದ್ದ ಗೂಳಿ ಒದರಿದಂಗ;
ಹಿಂದ ಡ್ರಮ್ಮು, ತಗಡಿನ ಮ್ಯಾಲೆ ಆಣಿಕಲ್ಲು.

ಇದೆಂಥಾ ಹಾಡೋ ತಮ್ಮಾ, ಅಂದಳು ಕಾಳವ್ವತ್ತಿ,
ರೇಡಿಯೋದಾಗಿನ ಭಜನಿ ಬಿಟ್ಟು ಬ್ಯಾರೆ ಕೇಳದಾಕಿ.
"ಬ್ಯಾಂಡು ಅತ್ತಿ. ಮೆಟಲ್ ಅಂತಾರ ಇದಕ್ಕ."
ಮೆಟಲ್ ಅಂದ್ರ ರಸ್ತೆಕ್ಕ ಹಾಕೋ ಖಡಿ ಅಲ್ಲೇನು?
ನಕ್ಕೆವು. ನಕ್ಕರ ಕೆಮ್ಮು, ಕೆಮ್ಮಿದರ ಸೀನು,
ಸಾಲಾಗಿ ಹತ್ತೊಂಬತ್ತು ಸೀನು.
ಅವನ ಅಂಗಿ ಮ್ಯಾಲೆ ಒಂದು ತಲಿಬುರುಡಿ ಇತ್ತು.
ಅವತ್ತಿಂದ ಅದು ಬುರುಡಿ ಬ್ಯಾಂಡು.

ಮೊದಲು ಬರೇ ತಲಿನೋವು.
ಆಮ್ಯಾಲೆ, ಹರಾಜಿನ ಹಿಂದಿನ ದಿನ ಇರಬೇಕು,
ಗುಡ್ಡ ಕರಗವಲ್ಲದು, ಹೊತ್ತು ಇಳಿಯಾಕ ಹತ್ತಿತ್ತು,
ನನ್ನ ಬೆರಳು ಆ ಡ್ರಮ್ಮಿನ ಬೆನ್ನು ಹತ್ತಿ ಓಡಿದ್ವು:
ಚಟ್ ಚಟ್ ಚಟ ಚಟ ಚಟ್,
ತುಂಬು ಒಂದು ಕಡೆ, ಕಾಯಿ ಒಂದು ಕಡೆ.
ಅಂವ ಒದರಿದಾಗ ನಾ ಉಸಿರು ಬಿಟ್ಟೆ.
ಅಲ್ಲಿತನಕ ಹಿಡದಿದ್ದೆ ಅಂತ
ಆವಾಗ ಗೊತ್ತಾತು.

ಪಕ್ಕದಾಗಿನ ಫಕ್ಕೀರವ್ವ ಬಗ್ಗಿ ಕೇಳಿದಳು:
"ಅಂವಾನೂ ಮೆಣಸಿನಕಾಯಿ ಮುರದಾನೇನ ಅಕ್ಕಾ?"
ಮುರದಿರಬೇಕು ಅಂದೆ.
ಇಲ್ಲಂದ್ರ ಇಷ್ಟು ಒದರಾಕ ಯಾರಿಗೆ ಬರ್ತೈತಿ.

ನನಗೂ ಹಾಡು ಬರ್ತಾವ. ಸೋಬಾನ, ಜೋಗುಳ, ಬೀಸೋ ಪದ.
ಮದುವಿಗೆ ಕರೀತಾರ ನನ್ನ, ಉಡಿ ತುಂಬತಾರ.
ಆ ಪದದಾಗ ಎಲ್ಲಾ ಅದಾವ: ತವರು, ಅತ್ತಿಮನಿ, ಮಲ್ಲಿಗಿ.
ಕಣ್ಣೀರೂ ಐತಿ, ಸೆರಗಿನ ತುದಿ ತೊಯ್ಯುವಷ್ಟು, ಅಳತಿಲಿ.
ಅಂಗೈ ಉರಿಯೋದು ಎಲ್ಲೂ ಇಲ್ಲ.
ಕೂಸಿಗೆ ಮೊಲಿ ಕೊಡಾಕ ಕುಂತು
ಕೈ ಬೆನ್ನ ಹಿಂದ ಇಟಗೊಂಡಿದ್ದು ಇಲ್ಲ.
ರಾತ್ರಿ ಎರಡಕ್ಕ, ದೀಪ ಹಚ್ಚಲಾರದ,
ಮಜ್ಜಿಗ್ಯಾಗ ಬೆರಳು ಅದ್ದಿ ಕುಂತಿದ್ದು, ಅದೂ ಇಲ್ಲ.
ಆ ಹೊತ್ತಿಗೆ ಒಂದು ರಾಗ ಬೇಕಿತ್ತು.
ಯಾವ ದೇಶದಾಂವೋ,
ಒದರಿ ಇಟ್ಟಿದ್ದ ನನಗಂತ.

ಸಾವಕಾರರು ಒಂದಿನ ಸ್ಪೀಕರು ಬಂದ್ ಮಾಡಿಸಿದರು.
ಗಿರಾಕಿ ಓಡಿ ಹೋಗ್ತಾರ, ಸುಡಗಾಡು ಮಾಡೀರೇನು ಶೆಡ್ಡು?
ಅವತ್ತು ತಕ್ಕಡ್ಯಾಗ ಎಲ್ಲಾರದೂ ತೂಕ ಕಡಿಮಿ ಬಂತು.
ಕಾಳವ್ವತ್ತಿನಽ ಎದ್ದು ಹೋದಳು ದಿವಾನಜಿ ಹತ್ರ.
ಏನಂದಳೋ ಏನೋ.
ಮರುದಿನ ಮತ್ತ ಒದರಾಟ ಶುರು,
ಸಣ್ಣಗ, ಮ್ಯಾಲೊಂದು ಗೋಣಿಚೀಲ ಹೊಚ್ಚಿ.

ಏನಂತ ಒದರತಾನೋ ಅಂವ, ಕೇಳಿದೆ ದಸ್ತಗೀರನ್ನ.
ಕೋಲ್ಡ್ ಸ್ಟೋರೇಜಿನಿಂದ ಆಗಷ್ಟೇ ಹೊರಗ ಬಂದಿದ್ದ,
ಮೀಸಿ ಮ್ಯಾಲೆ ಇನ್ನೂ ಥಂಡಿ.
ಅಲ್ಲಿ ಚೀಲದ್ದಽ ಗ್ವಾಡಿ, ಕತ್ತಲಿ, ಒಬ್ಬಾವನಽ, ರಾತ್ರಿಯೆಲ್ಲಾ.
"ನನಗೂ ತಿಳಿಯೂದಿಲ್ಲ ಅಕ್ಕಾ.
ಆದ್ರ ಅಂವ ನಡುವ ನಿಲ್ಲಸಂಗಿಲ್ಲ.
ಪೂರಾ ಒದರಿ ಮುಗಸ್ತಾನ."

ಹೋದ ತಿಂಗಳ ನಾದಿನಿ ಮದವ್ಯಾಗ
ಬ್ಯಾಂಡ್ ಕಂಪನಿಯ ಮುದುಕ ಕ್ಲಾರಿನೆಟ್ ಒರಸಗೋತ ಕೇಳಿದ:
ಯಾವುದು ಬಾರಸೂಣ್ರಿ ಅಕ್ಕಾರ?
ಎಲ್ಲಾರೂ ನನ್ನ ಮಾರಿ ನೋಡಿದರು, ಪದ ಬಲ್ಲಾಕಿ ಅಂತ.
ಬಾಯಿತನಕ ಬಂದಿತ್ತು. ನುಂಗಿದೆ.
ಯಾವುದರ ಬಾರಸ್ರಿ ಅಂದೆ.
ರೇಷ್ಮಿ ಸೆರಗಿನ ಒಳಗ ಬೆರಳು ಮಾತ್ರ
ಚಟ್ ಚಟ್ ಚಟ ಚಟ
ಇಲ್ಲದ ತುಂಬು ಮುರಕೋತ ಇದ್ವು.