ಕಿನ್ನಾಳದ ಮಣೆ

ಆರು ವರ್ಷ ಆಡಿದ್ದು ಗುಂಡಿಗಳಲ್ಲಿ.
ಬಳ್ಳಾರಿ ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆ,
ನನ್ನ ಕತ್ತರಿ ಮೇಜು, ನೀಲಿ ಬಟ್ಟೆಯ ಮೇಲೆ
ಸೀಮೆಸುಣ್ಣದಲ್ಲಿ ಹತ್ತೊಂಬತ್ತು ಅಡ್ಡ, ಹತ್ತೊಂಬತ್ತು ಉದ್ದ;
ಹಿತ್ತಾಳೆ ಗುಂಡಿ ಹುಸೇನಪ್ಪನದು, ಕಪ್ಪು ನನ್ನದು.
ಊಟದ ಬಿಡುವು ಮುಗಿದರೆ ಆಟ ಕೊಡವಿ
ಅದೇ ಬಟ್ಟೆ ಕತ್ತರಿಸಬೇಕು.
ನಾನು ಗೆಲ್ಲುತ್ತಿದ್ದ ಎಷ್ಟೋ ಮೂಲೆಗಳು
ಯಾರದೋ ತೊಡೆಯ ಮೇಲೆ ಊರೂರು ತಿರುಗುತ್ತಿವೆ.

ಕಲಿಸಿದವನು ತೋರಣಗಲ್ಲಿಗೆ
ಕುಲುಮೆ ಕೂಡಿಸಲು ಬಂದ ಜಪಾನಿನವನು.
ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬಂದು,
ಕಾಯುವ ಹೊತ್ತಿಗೆ ಗುಂಡಿ ಡಬ್ಬಿ ಸುರಿದು
ಬೆರಳಲ್ಲೇ ಹೇಳಿದ: ಮನೆಯೊಳಗೆ ಇಡಬೇಡ,
ದಾರಿಗಳು ಕೂಡುವಲ್ಲಿ ಇಡು.
ಇಟ್ಟದ್ದು ನಡೆಯುವುದಿಲ್ಲ.
ಪಕ್ಕದಲ್ಲಿ ಉಸಿರಿಗೆ ಜಾಗ ಇರುವತನಕ ಜೀವ.

ಈ ಸಲದ ಬೋನಸ್ಸಿಗೆ ನಿಜವಾದ ಮಣೆ ಎಂದಾಯಿತು.
ಮೊಬೈಲಿನಲ್ಲಿ ನೋಡಿದೆವು: ಮಡಚುವುದು, ಅಯಸ್ಕಾಂತದ್ದು,
ಮರದ ಚಿತ್ರ ಅಂಟಿಸಿದ ರಟ್ಟಿನಂಥದ್ದು,
ಆಮೇಲೆ ನಾಲ್ಕು ಕಾಲಿನ, ಬಂಗಾರ ಬಣ್ಣದ್ದೊಂದು.
ಅದರ ಬೆಲೆಗೆ ಎರಡು ಹೊಲಿಗೆ ಮಷಿನ್ ಬರುತ್ತವೆಂದು
ಹುಸೇನಪ್ಪ ಮೊಬೈಲನ್ನೇ ಬೋರಲು ಇಟ್ಟ.
ಕಲ್ಲಿಗ್ಯಾಕೆ ದುಡ್ಡು ಎಂದು ಸೊಂಡೂರಿನಿಂದ
ಅದಿರಿನ ಹರಳು ತಂದ. ಕಪ್ಪಗೆ, ತಣ್ಣಗೆ, ಒಳ್ಳೇ ಭಾರ.
ಎರಡು ಆಟಕ್ಕೆ ಬೆರಳೆಲ್ಲ ಕೆಂಪು.
ಒಂದು ಥಾನು ಹಾಳು, ಮಾಲೀಕರ ಬೈಗುಳ ಬೇರೆ.

ಹಂಗಾಗಿ ಕೊಪ್ಪಳದ ಬಸ್ಸು, ಅಲ್ಲಿಂದ ಕಿನ್ನಾಳ.

ವಿರೂಪಣ್ಣ ಚಿತ್ರಗಾರ ಬೊಂಬೆಯ ಕೊರಳಿಗೆ
ಬಣ್ಣ ಹಚ್ಚುತ್ತಲೇ ಕೇಳಿದ:
“ಗೋ ಅಂದರ? ಆಕಳ ಆಟೇನು?”
ವಿವರಿಸಿದೆ. “ಹಂಗಾರ ಹುಲಿ-ಕುರಿ ಇದ್ದಂಗ.”
ಹುಲಿಯಿಲ್ಲ, ಕುರಿಯಿಲ್ಲ, ಎಲ್ಲ ಕಲ್ಲೂ ಒಂದೇ.
“ಮತ್ತ ಯಾರು ಯಾರನ್ನ ತಿಂತಾರ?”
ಸುತ್ತುಗಟ್ಟಿದವರು, ಎಂದೆ.
ಒಂದು ಗಳಿಗೆ ಕುಂಚ ನಿಂತಿತು.

ಬೊಂಬೆ ಮರ ಬಡಿದರೆ ಹತ್ತಿಯ ಸದ್ದು.
ತೇಗ ಬೆರಳಿಗೇ ಎದುರುತ್ತರ ಕೊಡುತ್ತದೆ.
ಮೂಲೆಯಲ್ಲಿ, ಯಾವುದೋ ವಾಡೆಯ ಬಾಗಿಲಾಗಿದ್ದ
ಹಲಸಿನ ಹಲಗೆ: ಅರಿಸಿನದ ಮೈ,
ಎಣ್ಣೆ ಹಚ್ಚಿ ಬಾಚಿದ ಹಾಗೆ ನೇರ ನಾರು.
ಗುಂಡಿಯೊಂದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಬಡಿದೆ.
ಸದ್ದು ಒಳಗೆ ಹೋಗಿ, ತಿರುಗಿ ಬಂತು.
ಇದೇ ಬೇಕು ಎಂದುಬಿಟ್ಟೆ.
ಐನೂರು ಏರಿತು.

ಕಲ್ಲು ಮೌನೇಶನವು: ಅಡುಗೆ ಕಟ್ಟೆಗೆ ಕೊಯ್ದು ಉಳಿದ ಕಪ್ಪು,
ದೇವರ ಮನೆಗೆ ಕೊಯ್ದು ಉಳಿದ ಹಾಲುಗಲ್ಲು.
ತಿಂಗಳು ಬಿಟ್ಟು ಹೋದೆ. ಎರಡೂ ಮೈ ಉಬ್ಬಿದ
ಚನ್ನಂಗಿ ಕಾಳಿನ ಆಕಾರ, ನುಣುಪಿಗೆ ಹೆಸರಿಡುವಂತಿಲ್ಲ.
ಆದರೆ ಒಂದರ ಮೇಲೊಂದು ಇಟ್ಟರೆ
ಕಪ್ಪು ಕೂದಲೆಳೆಯಷ್ಟು ದೊಡ್ಡದು. ಎಲ್ಲವೂ.
ರೇಗಲು ಬಾಯಿ ತೆರೆದಿದ್ದೆ.
ವಿರೂಪಣ್ಣ ಎರಡನ್ನೂ ಮಣೆಯ ಮೇಲಿಟ್ಟು
“ಈಗ ನೋಡು” ಅಂದ.
ಸರಿಸಮ.
“ನಾನ ಹೇಳಿ ಮಾಡಿಸೀನಿ. ಬಿಳೇದು ಉಬ್ಬತೈತಿ.
ನಲವತ್ತು ವರ್ಷ ಬೊಂಬಿ ಕಣ್ಣು ಬರದೀನಿ,
ಬಿಳುಪು ಅಳತಿಗೆ ಬಿಟ್ಟರ
ಗೌರಿ ಬೆಚ್ಚಿಬಿದ್ದಂಗ ಕಾಣ್ತಾಳ.”
ಚೌಕಾಸಿ ಅಲ್ಲಿಗೆ ಬಿಟ್ಟೆ.

ತೊಡೆಯ ಮೇಲೆ ಮಣೆ. ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಹರಿದ.
ಹೊಸಪೇಟೆ ಬರುವತನಕ ಎಣಿಸಿದೆ:
ಕಪ್ಪು ನೂರ ಎಂಬತ್ತೊಂದು, ಸರಿ.
ಬಿಳಿ ನೂರ ಎಂಬತ್ತು ಇರಬೇಕು, ಒಂದು ಕಮ್ಮಿ.
ಮತ್ತೆ ಎಣಿಸಿದೆ. ಒಂದು ಕಮ್ಮಿ.
ಬಡಿದು ನೋಡಿದ ಹಿತ್ತಾಳೆ ಗುಂಡಿ
ಜೇಬಿನಲ್ಲೇ ಇತ್ತು, ಚೀಲಕ್ಕೆ ಹಾಕಿದೆ.

ಹುಸೇನಪ್ಪ ಕೈ ತೊಳೆದು ಬಂದು
ಮಣೆಯ ಮೇಲೆ ಅಂಗೈ ಸವರಿದ, ಕುದುರೆಗೆ ಸವರಿದ ಹಾಗೆ.
ನಾನು ಇಟ್ಟೆ. ಸದ್ದೇ ಕೇಳಲಿಲ್ಲ:
ಪೀಸ್ ಲೆಕ್ಕದವರು ಊಟಕ್ಕೂ ನಿಲ್ಲಿಸರು, ಮೂವತ್ತು ಮಷಿನ್.
ಅವನು ಇಟ್ಟ. ನಾನು. ಅವನು.
ಏಳನೆಯದೋ ಒಂಬತ್ತನೆಯದೋ ಕಲ್ಲು ಎತ್ತಿದ್ದೆ,
ಕರೆಂಟು ಹೋಯಿತು.

ಟಕ್.

ಕಾಜಾ ಮಷಿನ್ನಿನ ದುರುಗಮ್ಮ ತಲೆ ಎತ್ತಿದಳು:
“ಏನ್ರೀ ಅದು? ಇನ್ನೊಮ್ಮಿ ಇಡ್ರಿ.”
ಸರದಿ ಹುಸೇನಪ್ಪನದು.
ಅವನು ಕರೆಂಟು ಬರುವತನಕ ಯೋಚಿಸಿದ.