ಆರನೆಯ ಗೆರೆ

ಕಟ್ಟಡ ಹೋಗಿ ಒಂಬತ್ತು ದಿನ.
ಬೀದಿಗೆ ಮುಖ ಮಾಡಿದ ಗೋಡೆಯೊಂದು ಮಾತ್ರ ನಿಂತಿದೆ
ಬೆನ್ನಿಗೆ ಕಬ್ಬಿಣದ ಊರುಗೋಲು ಕಟ್ಟಿಸಿಕೊಂಡು,
ಮೂರು ಸಾಲು ಕಿಟಕಿಯಲ್ಲೂ ಬರೀ ಆಕಾಶ.
ಕೈಗವಸಿನ ಕಾರ್ಖಾನೆ, ಬಾರ್ಟನ್ ಬೀದಿ, ಹ್ಯಾಮಿಲ್ಟನ್.
ಇದರ ಹಿಂದೆ ಇಪ್ಪತ್ತೇಳು ಅಂತಸ್ತು ಏಳಲಿದೆಯಂತೆ.
ಮುಖ ನೋಡಿ ಮಣೆ ಹಾಕುವುದು ಅಂದರೆ ಇದೇ ಇರಬೇಕು:
ಮುಖಕ್ಕೆ ಕಾಯಿದೆಯ ಕಾವಲು, ಮೈಗೆ ಬುಲ್ಡೋಜರು.

ನನ್ನ ಕೆಲಸ ಮುಖದ್ದಲ್ಲ, ನಾನು ನೆಲದವಳು.
ಕೈಯಲ್ಲಿ ಕೀಂಗುಡುವ ಕೋಲು, ಸೊಂಟಕ್ಕೆ ಐದು ಬಣ್ಣದ ಡಬ್ಬಿ.
ಗ್ಯಾಸಿಗೆ ಹಳದಿ, ಕರೆಂಟಿಗೆ ಕೆಂಪು,
ನೀರಿಗೆ ನೀಲಿ, ಮೋರಿಗೆ ಹಸಿರು, ಫೋನಿಗೆ ಕಿತ್ತಳೆ.
ಶಾಲೆಗೆ ಹೊರಟ ಹುಡುಗನೊಬ್ಬ ಅದರ ಮೇಲೆ ಕುಂಟಾಬಿಲ್ಲೆ ಆಡಿದ,
ಗ್ಯಾಸಿನಿಂದ ಮೋರಿಗೆ ಒಂದೇ ನೆಗೆತ.
ಇಪ್ಪತ್ತೊಂದು ವರ್ಷದಿಂದ ಈ ಊರಿನ ಕರುಳು ಓದುತ್ತಿದ್ದೇನೆ,
ಮೋರೆ ತೋರಿಸಿದರೆ ಗುರುತು ಹಿಡಿಯಲಾರೆ.

ಊರು ಕುಡಿಯುವುದು, ಊರು ಉಗುಳುವುದು, ಊರು ಮಾತಾಡುವುದು
ಎಲ್ಲ ಎದುರು ಬದಿಗೆ ಸಾಗಬೇಕು ಈ ಚಳಿಗಾಲದೊಳಗೆ,
ನೆಲದಡಿಯ ಮೂರು ಅಂತಸ್ತು ಕಾರುಗಳಿಗೆ.
ನಕ್ಷೆಯಲ್ಲಿ ಐದು ಗೆರೆ.
ನೆಲದಲ್ಲಿ ಆರು.

ಆರನೆಯದು ಸೀಸದ್ದು, ಹೆಬ್ಬೆರಳ ದಪ್ಪ,
ಗೋಡೆಯ ಬುಡಕ್ಕೆ ಹೋಗಿ ಸುಮ್ಮನಾಗುತ್ತದೆ.
ಗ್ಯಾಸಿನವರು ನಮ್ಮದಲ್ಲ ಅಂದರು. ನೀರಿನವರು ನಮ್ಮದಲ್ಲ ಅಂದರು.
ಫೋನಿನವರು ಫೋನೇ ಎತ್ತಲಿಲ್ಲ.
ಮಣ್ಣು ಹೀರುವ ಲಾರಿಯಿಂದ ಇಳಿದು ಬಂದ ತವಾರೆಸ್
ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ, ಕಿವಿಯಿಟ್ಟು,
"ಹೊಟ್ಟೆ ತುಂಬಿದೆ ಇದಕ್ಕೆ" ಅಂದ.

ಬೇಲಿಯಾಚೆಯಿಂದ ಬ್ರೋನಿಸ್ಲಾವಾ ಕೂಗಿದಳು.
ದಿನಾ ಬರುತ್ತಾಳೆ, ಮಡಿಸುವ ಕುರ್ಚಿ ತಂದು ಕೂರುತ್ತಾಳೆ.
ಹದಿನಾಲ್ಕು ವರ್ಷ ಇಲ್ಲಿ ಎಡಗೈ ಮಾತ್ರ ಹೊಲಿದವಳು.
ಬಲಗೈಯವರಿಗೆ ಮೇಲಿನ ಅಂತಸ್ತು, ಬೆಳಕು ಜಾಸ್ತಿ;
ಆ ಸಿಟ್ಟು ಇನ್ನೂ ಆರಿಲ್ಲ.
"ಅದು ಸಿಂಹದ್ದು ಕಣೇ!"

ಬಾಗಿಲ ಎಡಕ್ಕೆ ತಟ್ಟೆಯಗಲದ ಕಲ್ಲಿನ ಮೋರೆ,
ಉಕ್ಕಿನ ಕುಲುಮೆಗಳ ಮಸಿ ಕುಡಿದು ನಾಯಿಯಂತಾಗಿದೆ.
ವರದಿಯಲ್ಲಿ ಬರೆದಿದೆ: ಅಲಂಕಾರಿಕ, ಸ್ಥಿತಿ ತೃಪ್ತಿಕರ.
ಅದರ ಬಾಯಿಂದ ನೀರು ಬರುತ್ತಿತ್ತು ಅನ್ನುತ್ತಾಳೆ ಇವಳು.
ಮಧ್ಯಾಹ್ನದ ಗಂಟೆ ಹೊಡೆದರೆ ಸಾಲು.
ಚರ್ಮದ ಬಣ್ಣ ಉಗುರಿಂದ ಹೋಗುತ್ತಲೇ ಇರಲಿಲ್ಲ,
ಬೊಗಸೆಯಲ್ಲಿ ಕುಡಿದ ನೀರಿಗೂ ಹಸುವಿನ ವಾಸನೆ.
ಅಲ್ಲೇ ಒಬ್ಬ, ಅಂದವಳು ನಿಲ್ಲಿಸಿ
ಕುರ್ಚಿ ಮಡಿಸಿದಳು.

ಮಿಸ್ ಅಬರ್ನಥಿ ನಕ್ಷೆ ಬಿಡಿಸಿ ನೋಡಿದಳು.
ಒಂದೊಂದು ಕಲ್ಲಿಗೂ ನಂಬರಿದೆ ಅವಳ ಹತ್ತಿರ.
ಬಿರುಕಿನ ಮೇಲೆ ಕೂತ ಯಂತ್ರ, ಗೋಡೆ ಕೂದಲೆಳೆ ಅಲುಗಿದರೆ
ನಡುರಾತ್ರಿ ಅವಳನ್ನು ಎಬ್ಬಿಸುತ್ತದೆ. ಕೆಟ್ಟವಳಲ್ಲ.
"ಅಲಂಕಾರಕ್ಕೆ," ಅಂದಳು, "ನೀರಿನ ಕಾಲಮ್ಮಿಲ್ಲ."

ಗುರುವಾರ ರಾತ್ರಿ ಹತ್ತೂವರೆಗೆ ಬೀದಿ ಮುಚ್ಚಿಸಿ
ಪೈಪಿನ ಕುತ್ತಿಗೆ ಹಿಸುಕಿ ಬಿರಡೆ ಹೊಡೆದೆವು.
ಎರಡು ಲೋಟದಷ್ಟು ಚೆಲ್ಲಿತು, ಮಣ್ಣು ಕುಡಿಯಿತು.
ತವಾರೆಸ್ ಟೋಪಿ ತೆಗೆದ; ತಲೆ ಕೆರೆದುಕೊಳ್ಳಲೂ ಇರಬಹುದು.

ಜನವರಿ. ಮೈನಸ್ ಹದಿನೆಂಟು.
ಮಾರಾಟದ ಆಫೀಸಿನ ಫಲಕಕ್ಕೆ ಗೋಡೆಯ ಚಿತ್ರ ಬಂದಿದೆ,
ಬೆನ್ನಿನ ಕಬ್ಬಿಣ ಅಳಿಸಿದ್ದಾರೆ, ಕಿಟಕಿಗಳಿಗೆ ದೀಪ ಹಚ್ಚಿದ್ದಾರೆ.
ಕಾಫಿ ಹಿಡಿದು ಬೇಲಿ ದಾಟಿದೆ:
ಸಿಂಹದ ಬಾಯಿಂದ ಮೊಳದುದ್ದ ಮಂಜುಗಡ್ಡೆ.
ನಿನ್ನೆ ಗೇಣುದ್ದವಿತ್ತು.
ಹಾಗಾದರೆ ನಾವು ಹಿಸುಕಿದ್ದು ಇದರ ಕುತ್ತಿಗೆಯಲ್ಲ,
ಏಳನೆಯದೊಂದಿದೆ.
ನೀಲಿ ಡಬ್ಬಿ ಅಲುಗಿಸಿದೆ, ಚಳಿಗೆ ಬಣ್ಣ ಗಟ್ಟಿಯಾಗಿದೆ.
ಕುರ್ಚಿಯವಳು ಇನ್ನೂ ಬಂದಿಲ್ಲ.
ಅಬರ್ನಥಿಗೆ ಹೇಳಬೇಕು.
ಸೋಮವಾರ ಹೇಳುತ್ತೇನೆ.
ಇವತ್ತಿನ್ನೂ ಬುಧವಾರ.