ಇಂಡಿಯಾ: ಒಂದು?

ಗುತ್ತಲು ರಸ್ತೆ, ನನ್ನ ಪಟ್ಟಿಯ ನೂರಾ ನಲವತ್ತೊಂದನೇ ಮನೆ.
ಬಾಗಿಲ ಮೇಲೆ ಹಿತ್ತಾಳೆ ತಗಡು, ಹುಣಸೆಹಣ್ಣು ಕಂಡು ವರ್ಷವಾಗಿದೆ.
ಅಕ್ಷರ ಇಂಗ್ಲಿಷಿನವು. ಓದಿದೆ, ನಾಲಗೆ ಎಡವಿತು.
ಪಕ್ಕದ ಜವರಮ್ಮ ಕಾಂಪೌಂಡಿನಾಚೆಯಿಂದಲೇ ತಿದ್ದಿದಳು:
"ಅದು ಅರ್ಗೋಲಮ್ಮನ ಮನೆ ಕಣ್ ಮೇಷ್ಟ್ರೆ,
ಬೆಲ್ ಒತ್ಬೇಡಿ, ಕೆಟ್ಟೋಗದೆ. ಕೂಗಿ."

ಕೂಗಿದೆ.

ಹತ್ತಿ ಸೀರೆ, ಕಿವಿಯಲ್ಲಿ ಮಿಷನ್ನು, ಕೈಯಲ್ಲಿ ಸೊಪ್ಪಿನ ಬುಟ್ಟಿ.
ಹೆಸರು? ಮ್ಯೂರಿಯಲ್ ಮ್ಯಾಕಾರ್ಗಲ್.
ಮಾತೃಭಾಷೆ? "ಇದೇ, ನಾವೀಗ ಆಡ್ತಿರೋದು."
ಮನೆಯಲ್ಲಿ ಎಷ್ಟು ಜನ?
ಬೆರಳೊಂದು ಎತ್ತಿದರು, ಆಮೇಲೆ
ಅದೇ ಬೆರಳಲ್ಲಿ ಸೊಪ್ಪಿನ ಹುಳ ತೆಗೆದರು.

ಅಜ್ಜ ಗ್ಲಾಸ್ಗೋದಿಂದ ಬಾಯ್ಲರಿನ ಜೊತೆ ಬಂದವನಂತೆ,
ಬಾಯ್ಲರು ಕೂರಿಸಿ ಹೋಗಬೇಕಿದ್ದವನು
ಪಾಲಹಳ್ಳಿಯ ಸಂತಾನಮ್ಮನ ಮನೆಯ
ಹುರುಳಿಕಟ್ಟಿನ ಸಾರು ಉಂಡು ತಾನೇ ಕೂತುಬಿಟ್ಟ.
ಅಪ್ಪ ಫಿಟ್ಟರು. ಇವರು ಕಬ್ಬಿನ ತೂಕದ ಮನೆಯಲ್ಲಿ
ಮೂವತ್ತೊಂದು ವರ್ಷ ಚೀಟಿ ಬರೆದವರು.

ಗಾಡಿ ಸಾಲಿನಲ್ಲಿ ರಾತ್ರಿಯೆಲ್ಲ ಬೀಡಿ ಸೇದುತ್ತ ಕಾದ ರೈತರಿಗೆ
ಮ್ಯಾಕಾರ್ಗಲ್ ಎನ್ನುವಷ್ಟು ಪುರುಸೊತ್ತೆಲ್ಲಿ?
ಅರ್ಗೋಲು ಎಂದರು. ಅರ್ಗೋಲಮ್ಮ ಇದ್ರೆ
ತೂಕ ಸರಿಯಾಗಿರ್ತದೆ ಎಂದರು.
ಹೊಸದಾಗಿ ಬಂದ ಓದಿಕೊಂಡ ಗುಮಾಸ್ತನೊಬ್ಬ,
ನಮ್ಮ ಕಡೆಯವರು ನುಂಗುವ ಹಕಾರವನ್ನೆಲ್ಲ
ಹುಡುಕಿ ಹುಡುಕಿ ವಾಪಸು ಕೊಡುವವನು,
ಸಂಬಳದ ಪುಸ್ತಕದಲ್ಲಿ ತಿದ್ದಿ ಬರೆದ:
ಶ್ರೀಮತಿ ಎಂ. ಹರಿಗೋಲು.
"ಶ್ರೀಮತಿ ಅನ್ನೋದೂ ತಪ್ಪೇ," ಎಂದು ನಕ್ಕರು.

ಬೀರುವಿನಿಂದ ಒಂದು ಕಾಗದ ತಂದರು.
ಅಲ್ಲಿಯ ಯಾರೋ ಮುದುಕ, ಅದೇ ಹೆಸರಿನವ,
ಲೋಕದ ಮ್ಯಾಕಾರ್ಗಲ್‌ಗಳನ್ನೆಲ್ಲ ಎಣಿಸುತ್ತಿದ್ದಾನೆ.
ಅಜ್ಜನ ಕಾಲಕ್ಕೆ ಒಂದೇ ಚರ್ಚಿನ ಸೀಮೆಯಲ್ಲಿ ಅರವತ್ತಮೂರು,
ಹನ್ನೊಂದು ಮನೆ, ಒಂದು ಕೊಲ್ಲಿ, ಕುರಿ ಲೆಕ್ಕವಿಲ್ಲ.
ಈಗ ಸ್ಕಾಟ್ಲೆಂಡಿನಲ್ಲಿ ಹದಿನಾಲ್ಕು.
ಕೆನಡಾ ಒಂಬತ್ತು. ನ್ಯೂಜಿಲೆಂಡ್ ಮೂರು, ಮೂವರೂ ಹೆಂಗಸರು.
ಕೊನೆಯ ಸಾಲು:
ಇಂಡಿಯಾ, ಒಂದು, ಮುಂದೆ ಪ್ರಶ್ನೆಯ ಕೊಕ್ಕೆ.

ಮ್ಯಾಕ್ ಅಂದರೆ ಮಗ, ಬರೆದಿದ್ದಾನೆ ಮುದುಕ.
(ಮಗ! ನಮ್ಮ ಸ್ಕೂಲಿನ ಹುಡುಗರು ದಿನಕ್ಕೆ ಇನ್ನೂರು ಸಲ
ಒಬ್ಬರನ್ನೊಬ್ಬರು ಕರೆಯುವುದು ಹಾಗೇ.)
ಉಳಿದರ್ಧಕ್ಕೆ ಜಗಳವಿದೆ ಅಲ್ಲಿಯ ಪಂಡಿತರಲ್ಲಿ:
ಕಲ್ಲುಹೊಲದವನ ಮಗ ಎಂದು ಕೆಲವರು,
ಇಲ್ಲ, ಕೊಲ್ಲಿಯಲ್ಲಿ ದೋಣಿ ಹಾಕಿ
ಜನರನ್ನು ದಾಟಿಸುತ್ತಿದ್ದವನ ಮಗ ಎಂದು ಕೆಲವರು.

ನಾನು ಪೆನ್ನು ಕೆಳಗಿಟ್ಟೆ.
"ಹಾಗಾದ್ರೆ ಮೇಡಂ, ನಮ್ಮ ರೈತರು ಕರೆದದ್ದು—"
"ಗೊತ್ತಿಲ್ಲ," ಎಂದರು. "ಕಲ್ಲುಹೊಲವೂ ಇರಬಹುದು.
ಕಾಫಿಗೆ ಬೆಲ್ಲ ಆಗ್ತದಾ? ನಮ್ಮನೇಲಿ ಸಕ್ಕರೆ ತರಲ್ಲ,
ಫ್ಯಾಕ್ಟರಿ ವಾಸನೆ ಕುಡಿದದ್ದೇ ಸಾಕಾಗಿದೆ."

ಕಾಫಿಯ ನಡುವೆ ಕೇಳಿದರು: ನಿಮ್ಮ ಮನೆತನದ ಹೆಸರು?
ನನಗೆಲ್ಲಿಯದು. ಎಚ್.ಬಿ. ಮರಿಲಿಂಗಯ್ಯ.
ಊರು ಒಂದಕ್ಷರ, ಅಪ್ಪ ಒಂದಕ್ಷರ,
ಇಬ್ಬರಿಗೂ ಒಂದೊಂದು ಚುಕ್ಕಿ.
ಪಾಸ್‌ಪೋರ್ಟಿನವನು ಮಾತ್ರ ಖಾಲಿ ಬಿಡುವಂತಿಲ್ಲ ಎಂದು
ಊರನ್ನೇ ಎಳೆದು ಕೊನೆಗೆ ಕಟ್ಟಿದ: ಹುಲಿವಾನ.
ನನ್ನ ಮಗಳೂ ಈಗ ಹುಲಿವಾನ, ಅವಳ ಗಂಡ ಅಲ್ಲ.
ಲೋಕದಲ್ಲಿ ಹುಲಿವಾನಗಳು: ಎರಡು.
"ನನಗಿಂತ ಜಾಸ್ತಿ," ಎಂದರು ಮಿಸ್ ಹರಿಗೋಲು.

ಕಾಗದಕ್ಕೆ ಉತ್ತರ ಬರೆದಿರಾ?
ಬರೆದಿಲ್ಲ. ಏನು ಬರೆಯೋದು?
ಆ ಕೊಕ್ಕೆ ತೆಗೆದರೆ ಒಂದು ಅಂತ ಆಗ್ತದೆ, ನಾಳೆ ಸೊನ್ನೆ ಅಂತ ಆಗ್ತದೆ.
ಇರಲಿ ಬಿಡಿ, ಪಾಪ,
ಅವನಿಗೂ ಹುಡುಕೋಕೆ ಏನಾದ್ರೂ ಇರಲಿ.

ಸಹಿ ಹಾಕುವಾಗ ಕನ್ನಡದಲ್ಲೇ ಹಾಕಿದರು.
ಮ್ಯಾಕಾರ್ಗಲ್ ಅಲ್ಲ. ಇನ್ನೊಂದು.
ಹಕಾರಕ್ಕೆ ತಲೆಕಟ್ಟು ಇಡುವುದು ಮರೆತು,
ನಿಂತು, ನೆನಪಾಗಿ, ಇಟ್ಟರು.

ನೂರಾ ನಲವತ್ತೆರಡು ಜವರಮ್ಮನದು.
ಆಗಲೇ ಬಾಗಿಲಲ್ಲಿ ನಿಂತಿದ್ದಳು,
"ನಮ್ಮನೇಲಿ ಒಂಬತ್ತು ಜನ, ಬರ್ಕಳಿ,
ಹತ್ತನೆಯದು ಬರೋ ತಿಂಗಳಿಗೆ."